ಕುಮಟಾದಿಂದ ಗೋಕರ್ಣಕ್ಕೆ ಹೆದ್ದಾರಿ ಬಿಟ್ಟು: ಗಜನಿ, ಉಪ್ಪಿನಾಗರ, ಕಡಲಂಚಿನ ಗ್ರ್ಯಾವೆಲ್ ಸೈಕಲ್ ಮಾರ್ಗದರ್ಶಿ

ಕುಮಟಾದಿಂದ ಗೋಕರ್ಣಕ್ಕೆ ಹೆದ್ದಾರಿಯಲ್ಲಿ 30 ಕಿಲೋಮೀಟರ್ ಆಸುಪಾಸು. ಕಾರಿನವರಿಗೆ ಮುಕ್ಕಾಲು ಗಂಟೆಯ ಕೆಲಸ. ಇದೇ ಎರಡು ಊರುಗಳ ನಡುವೆ ಇನ್ನೊಂದು ದಾರಿ ಇದೆ. ಬಾಡ, ಕಾಗಾಲ, ಅಘನಾಶಿನಿ ಎಂಬ ಊರು, ಅಲ್ಲಿ ದೋಣಿ ಹತ್ತಿ ಆಚೆ ದಡದ ತದಡಿ, ಸಾಣಿಕಟ್ಟಾದ ಉಪ್ಪಿನಾಗರ, ಆಮೇಲೆ ಗೋಕರ್ಣ. ಡಾಂಬರು, ಕೆಂಪು ಮಣ್ಣು, ಚಿರೆಕಲ್ಲಿನ ಗುಡ್ಡ, ಗದ್ದೆ ಬದಿಯ ಕಚ್ಚಾ ರಸ್ತೆ, ಒದ್ದೆ ಮರಳು ಎಲ್ಲವೂ ಒಂದೇ ದಿನದಲ್ಲಿ ಚಕ್ರದಡಿಗೆ ಬರುತ್ತವೆ. ಗ್ರ್ಯಾವೆಲ್ ಸೈಕಲ್ ಹುಟ್ಟಿದ್ದೇ ಇಂಥ ಕಲಸುಮೇಲೋಗರದ ದಾರಿಗೆ. ತೆಳು ಟೈರಿನ ರೋಡ್ ಸೈಕಲ್ ಇಲ್ಲಿ ಒದ್ದಾಡುತ್ತದೆ, ದಪ್ಪ ಟೈರಿನ ಎಂಟಿಬಿ (ಗುಡ್ಡಗಾಡಿನ ಸೈಕಲ್) ಡಾಂಬರಿನ ಮೇಲೆ ಸೋಮಾರಿಯಾಗುತ್ತದೆ.

ಮೊದಲ ಸಲ ನಾನು ಹೊರಟಾಗ ಕಿಲೋಮೀಟರ್ ಲೆಕ್ಕ ಹಾಕಿಕೊಂಡಿದ್ದೆ. ಗಂಟೆಗೆ 15 ಅಂದರೆ ಮಧ್ಯಾಹ್ನದ ಊಟಕ್ಕೆ ಗೋಕರ್ಣ ಅಂತ. ದೋಣಿಗೆ ಕಾದೆ, ಕಡಲು ಏರಿ ಮರಳು ಮುಳುಗಿತ್ತು, ಎದುರುಗಾಳಿ ಬೇರೆ. ತಲುಪಿದಾಗ ನಾಲ್ಕು ಗಂಟೆ. ಈ ಕಡೆ ಸೈಕಲ್ ತುಳಿಯುವುದಾದರೆ ಮೊದಲು ನೀರಿನ ಲೆಕ್ಕ ಹಾಕಬೇಕು. ದೂರದ್ದು ಆಮೇಲೆ.

ಹಂತ 1: ದಿನ ಆರಿಸುವುದು

ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಾರ್ಚ್‌ನಲ್ಲೂ ಹೋಗಬಹುದು, ಆದರೆ ಹನ್ನೊಂದರ ನಂತರದ ಸೆಕೆ ತಮಾಷೆಯಲ್ಲ. ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. ಚಿರೆಕಲ್ಲಿನ ಮೇಲೆ ಪಾಚಿ ಕಟ್ಟಿದರೆ ಯಾವ ಟೈರೂ ನಿಲ್ಲುವುದಿಲ್ಲ.

ಸುಗ್ಗಿಯ ಲೆಕ್ಕವೂ ಬೇಕು. ಅಘನಾಶಿನಿ ಶಿರಸಿ ಕಡೆಯಿಂದ ಇಳಿದು ಬರುವ, ದೊಡ್ಡ ಅಣೆಕಟ್ಟು ಇಲ್ಲದ ಹೊಳೆ. ಅದು ಕಡಲು ಸೇರುವ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಆ ಅಳಿವೆಯ ಅಕ್ಕಪಕ್ಕ ಇರುವ ತಗ್ಗು ಗದ್ದೆಗಳೇ ಗಜನಿ. ಅಲ್ಲಿ ಬೆಳೆಯುವ ಭತ್ತ ಕಗ್ಗ. ಅದು ಉಪ್ಪನ್ನೂ ತಡೆಯುತ್ತದೆ, ನೆರೆಯನ್ನೂ ತಡೆಯುತ್ತದೆ. ಮಳೆ ನೀರು ಮಣ್ಣಿನ ಉಪ್ಪು ತೊಳೆದ ಮೇಲೆ ಬಿತ್ತುತ್ತಾರೆ, ಮಳೆಗಾಲ ಮುಗಿಯುವ ಹೊತ್ತಿಗೆ ಕೊಯ್ಯುತ್ತಾರೆ. ಕೊಯ್ಲಾದ ಮೇಲೆ ತೂಬಿನ ಬಾಗಿಲು ತೆಗೆದು ಉಪ್ಪು ನೀರು ಒಳಗೆ ಬಿಟ್ಟರೆ ಮೀನು, ಸಿಗಡಿಯ ಕಾಲ. ಹಾಗಾಗಿ ಡಿಸೆಂಬರ್‌ನಲ್ಲಿ ನೀವು ನೋಡುವ ಗಜನಿ ಹಸಿರಾಗಿರುವುದಿಲ್ಲ, ಕನ್ನಡಿಯ ಹಾಗೆ ನೀರು ತುಂಬಿರುತ್ತದೆ. ಹಸಿರು ಗದ್ದೆಯ ಫೋಟೋ ಬೇಕು ಅನ್ನುವವರು ಸೆಪ್ಟೆಂಬರ್‌ನಲ್ಲಿ ಬಸ್ಸಿನಲ್ಲಿ ಬಂದು ನೋಡಿ ಹೋಗಿ.

ಹಂತ 2: ಉಬ್ಬರ–ಇಳಿತ ಓದುವುದು

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರಿದ್ದು ಇಳಿಯಲು ಆರು ಗಂಟೆಗಿಂತ ಸ್ವಲ್ಪ ಜಾಸ್ತಿ. ಮಾರನೇ ದಿನ ಅದೇ ಇಳಿತ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಂದರೆ ಶುಕ್ರವಾರ ಮಧ್ಯಾಹ್ನ 2 ಗಂಟೆಗೆ ನೀರು ಪೂರ್ತಿ ಇಳಿದಿತ್ತು ಅಂದುಕೊಳ್ಳಿ, ಭಾನುವಾರ ಅದು 3.40ರ ಹತ್ತಿರ ಹೋಗಿರುತ್ತದೆ. ಇಷ್ಟು ಗೊತ್ತಿದ್ದರೆ ಬೆರಳಲ್ಲೇ ಲೆಕ್ಕ ಮಾಡಬಹುದು. ಮೊಬೈಲ್‌ನಲ್ಲಿ ಕಾರವಾರದ ಉಬ್ಬರ–ಇಳಿತದ ವೇಳೆ ಸಿಗುತ್ತದೆ, ಕುಮಟಾ–ಗೋಕರ್ಣಕ್ಕೆ ಅದೇ ಸಾಕು.

ಮರಳಿನ ಮೇಲೆ ತುಳಿಯಲು ಇಳಿತದ ಹಿಂದೆ ಒಂದೂವರೆ ಗಂಟೆ, ಮುಂದೆ ಒಂದೂವರೆ ಗಂಟೆ ಒಳ್ಳೆಯ ಹೊತ್ತು. ಹುಣ್ಣಿಮೆ, ಅಮಾವಾಸ್ಯೆ ಹತ್ತಿರದ ದಿನಗಳಲ್ಲಿ ನೀರು ಹೆಚ್ಚು ಹಿಂದೆ ಸರಿಯುತ್ತದೆ, ಗಟ್ಟಿ ಮರಳಿನ ಪಟ್ಟಿ ಅಗಲವಾಗುತ್ತದೆ. ಆದರೆ ವಾಪಸ್ ಬರುವಾಗಲೂ ಅಷ್ಟೇ ಜೋರಾಗಿ ಬರುತ್ತದೆ, ನೆನಪಿರಲಿ.

ಗಾಳಿಯದ್ದೂ ಒಂದು ಮಾತು. ಬೆಳಗ್ಗೆ ಗಾಳಿ ನೆಲದಿಂದ ಕಡಲಿಗೆ, ಮೆತ್ತಗೆ. ಮಧ್ಯಾಹ್ನದ ಹೊತ್ತಿಗೆ ತಿರುಗಿ ವಾಯವ್ಯದಿಂದ ಬೀಸುತ್ತದೆ. ನಾವು ಹೋಗುವುದು ಉತ್ತರಕ್ಕೆ. ಅಂದರೆ ತಡವಾಗಿ ಹೊರಟರೆ ಗಾಳಿ ಮುಖಕ್ಕೇ. ಬೇಗ ಹೊರಟು ಮಧ್ಯಾಹ್ನ ದಕ್ಷಿಣಕ್ಕೆ ತಿರುಗಿದರೆ ಅದೇ ಗಾಳಿ ಬೆನ್ನು ತಳ್ಳುತ್ತದೆ. ಜನವರಿಯಲ್ಲಿ ಸೂರ್ಯ ಹುಟ್ಟುವುದು ಏಳರ ಸುಮಾರಿಗೆ. ನಾನು ಆರೂವರೆಗೇ ದೀಪ ಹಾಕಿಕೊಂಡು ಹೊರಡುತ್ತೇನೆ.

ಹಂತ 3: ಸೈಕಲ್ ಸಿದ್ಧ ಮಾಡುವುದು

ಟೈರು 40 ಮಿಲಿಮೀಟರ್ ಇದ್ದರೆ ಎಲ್ಲದಕ್ಕೂ ಆಗುತ್ತದೆ. 35 ಇದ್ದರೂ ನಡೆಯುತ್ತದೆ, ಮರಳಿನಲ್ಲಿ ಸ್ವಲ್ಪ ಇಳಿದು ತಳ್ಳಬೇಕು ಅಷ್ಟೆ. ಎಂಟಿಬಿ ಇರುವವರು ಹೊಸ ಸೈಕಲ್ ಕೊಳ್ಳುವ ಅಗತ್ಯ ಇಲ್ಲ. ಸುಮ್ನೆ ನಯವಾದ ಟೈರು ಹಾಕಿಸಿ ಬನ್ನಿ.

ಹವಾ ವಿಷಯದಲ್ಲಿ ಎಲ್ಲರೂ ತಪ್ಪುವುದು ಒಂದೇ ಕಡೆ: ಜಾಸ್ತಿ ತುಂಬುತ್ತಾರೆ. 70 ಕಿಲೋ ತೂಕದವರು, 40ರ ಟ್ಯೂಬ್‌ಲೆಸ್ ಟೈರಿಗೆ ಹವಾ ಒತ್ತಡ ಮುಂದೆ 30, ಹಿಂದೆ 33 ಪಿಎಸ್‌ಐಯಿಂದ ಶುರು ಮಾಡಿ. ಟ್ಯೂಬ್ ಇದ್ದರೆ ಐದಾರು ಹೆಚ್ಚಿಸಿ. ಇಲ್ಲದಿದ್ದರೆ ಚಿರೆಕಲ್ಲಿನ ಚೂಪು ಅಂಚಿಗೆ ರಿಮ್ ಬಡಿದು ಟ್ಯೂಬಿಗೆ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತದೆ. ಮರಳಿಗೆ ಬಂದಾಗ 20–22ಕ್ಕೆ ಇಳಿಸಿ, ಮತ್ತೆ ರಸ್ತೆಗೆ ಹತ್ತುವಾಗ ತುಂಬಿಕೊಳ್ಳಿ. ಇದಕ್ಕೇ ಸಣ್ಣ ಪಂಪು ಬೇಕು. ಒಂದೇ ಸಲ ಹವಾ ತುಂಬುವ ಗ್ಯಾಸ್ ಕ್ಯಾನಿಸ್ಟರ್ ನಂಬಿಕೊಂಡರೆ ಎರಡನೇ ಸಲಕ್ಕೆ ಕೈ ಖಾಲಿ.

ಗೇರು ಹಗುರ ಇರಲಿ. ಇಲ್ಲಿಯ ಏರುಗಳು ಉದ್ದ ಇಲ್ಲ, ಆದರೆ ಕಡಿದಾಗಿವೆ. ಕಡಲಂಚಿನ ಗುಡ್ಡಗಳು ಒಂದೇ ಸಲ ಮೇಲೆ ಎಳೆದು ಒಂದೇ ಸಲ ಕೆಳಗೆ ಬಿಡುತ್ತವೆ. ಮುಂದಿನ ಹಲ್ಲುಚಕ್ರಕ್ಕೆ 40 ಹಲ್ಲು ಇದ್ದರೆ ಹಿಂದಿನ ಅತಿ ದೊಡ್ಡದಕ್ಕೆ 40–42 ಇರಲಿ.

ಹೊರಡುವ ಹಿಂದಿನ ದಿನ ಸೀಟಿನ ಕಂಬಕ್ಕೆ, ಪೆಡಲ್ ಥ್ರೆಡ್ಡಿಗೆ ಗ್ರೀಸ್ ಹಚ್ಚಿ. ಅಲ್ಯೂಮಿನಿಯಂ, ಸ್ಟೀಲ್, ಉಪ್ಪು ಮೂರೂ ಸೇರಿದರೆ ಕಚ್ಚಿಕೊಂಡು ಬಿಡುತ್ತವೆ, ಆಮೇಲೆ ಬಿಚ್ಚಲು ಬರುವುದಿಲ್ಲ. ಚೈನಿಗೆ ವ್ಯಾಕ್ಸ್ ಅಥವಾ ಒಣ ಎಣ್ಣೆ. ದಪ್ಪ ಎಣ್ಣೆ ಹಾಕಿದರೆ ಮರಳು ಅಂಟಿ ಚೈನೇ ಅರ ಆಗುತ್ತದೆ.

ಜೊತೆಗೆ ಒಂದು ಟ್ಯೂಬು, ಪ್ಯಾಚು, ಚೈನ್ ಲಿಂಕು, ಅಲೆನ್ ಕೀ, ಒಂದು ಡಿರೇಲರ್ ಹ್ಯಾಂಗರ್ (ಗೇರು ಬದಲಿಸುವ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ತುಂಡು) ಇರಲಿ. ಹ್ಯಾಂಗರ್ ಯಾಕೆ ಅಂತ ದೋಣಿಯ ಹಂತದಲ್ಲಿ ಹೇಳುತ್ತೇನೆ.

ಹಂತ 4: ಕುಮಟಾ ತಲುಪುವುದು

ಕೊಂಕಣ ರೈಲಿನಲ್ಲಿ ಕುಮಟಾ, ಮಿರ್ಜಾನ, ಗೋಕರ್ಣ ರೋಡ್ ಮೂರೂ ನಿಲ್ದಾಣ ಇವೆ. ಸೈಕಲ್ಲನ್ನು ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿ ಸಾಮಾನು ಸಾಗಿಸುವ ಬ್ರೇಕ್ ವ್ಯಾನಿಗೆ ಹಾಕಿಸುವುದು ಕ್ರಮ. ಒಂದು ತೊಡಕಿದೆ. ಸಣ್ಣ ನಿಲ್ದಾಣಗಳಲ್ಲಿ ರೈಲು ನಿಲ್ಲುವುದೇ ಒಂದೆರಡು ನಿಮಿಷ. ಅಲ್ಲಿ ಪಾರ್ಸೆಲ್ ಇಳಿಸುತ್ತಾರಾ ಎಂದು ಹತ್ತುವ ಮೊದಲೇ ಕೇಳಿಕೊಳ್ಳಿ. ಇಲ್ಲ ಅಂದರೆ ಎರಡೂ ಚಕ್ರ ಬಿಚ್ಚಿ ಚೀಲಕ್ಕೆ ಹಾಕಿ ಬಸ್ಸಿನ ಡಿಕ್ಕಿಯಲ್ಲಿ ತರುವುದು ಸಲೀಸು. ಡಿಸ್ಕ್ ಬ್ರೇಕ್ ಇದ್ದರೆ ಪ್ಯಾಡ್‌ಗಳ ನಡುವೆ ರಟ್ಟಿನ ತುಂಡು ಸಿಕ್ಕಿಸಿ. ಚಕ್ರ ಇಲ್ಲದಾಗ ಯಾರಾದರೂ ಲಿವರ್ ಒತ್ತಿದರೆ ಪ್ಯಾಡು ಕಚ್ಚಿಕೊಳ್ಳುತ್ತದೆ.

ಹಂತ 5: ಕುಮಟಾದಿಂದ ಅಘನಾಶಿನಿ ಊರಿಗೆ

ದೂರ ಹೆಚ್ಚಿಲ್ಲ. ಒಳದಾರಿಗಳಲ್ಲಿ ಸುತ್ತಿ ಬಂದರೂ 15 ಕಿಲೋಮೀಟರ್ ಸುತ್ತಮುತ್ತ. ಹೊಲನಗದ್ದೆ, ಬಾಡ, ಕಾಗಾಲ ಹೀಗೆ ಊರಿಂದ ಊರಿಗೆ ಹೋಗಿ. ಬಾಡದ ಕಾಂಚಿಕಾ ಪರಮೇಶ್ವರಿ ದೇವಸ್ಥಾನ ಒಳ್ಳೆಯ ಗುರುತು. ಒಂದು ಕಡೆ ತೆಂಗು, ಗದ್ದೆ. ಇನ್ನೊಂದು ಕಡೆ ಗಾಳಿ ಮರಗಳ ಸಾಲು, ಅದರ ಹಿಂದೆ ಕಡಲಿನ ಸದ್ದು. ಮನೆ ಕಾಣುವ ಮೊದಲೇ ನಾಯಿ ಕಾಣುತ್ತದೆ. ಓಡಿಸಬೇಡಿ, ನಿಧಾನ ಮಾಡಿ ಎರಡು ಮಾತಾಡಿ, ಅದು ಸುಮ್ಮನಾಗುತ್ತದೆ.

ದಾರಿ ಹುಡುಕಲು ಮೊಬೈಲ್ ನಕ್ಷೆ ಅರ್ಧ ಸಹಾಯ, ಅರ್ಧ ಮೋಸ. ಉಪಗ್ರಹದ ಚಿತ್ರದಲ್ಲಿ ಗಜನಿಯ ಕಟ್ಟು ರಸ್ತೆಯ ಹಾಗೇ ಕಾಣುತ್ತದೆ. ಹತ್ತಿರ ಹೋದರೆ ಅದು ಒಂದಡಿ ಅಗಲದ ಮಣ್ಣಿನ ದಿಬ್ಬ. ಕೇಳುವುದೇ ಸರಿ. ಆದರೆ ಕೇಳುವ ರೀತಿ ಇದೆ. "ಈ ದಾರಿ ಹೋಗ್ತದ್ಯಾ?" ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ. ಅವರು ಹೇಳುವುದು ನಡೆದು ಹೋಗುವ ಮಾತು. "ಬೈಕು ಹೋಗ್ತದ್ಯಾ? ನಡುವೆ ಸಂಕ ಉಂಟಾ?" ಅಂತ ಕೇಳಿ. ಬೈಕು ಹೋಗುವಲ್ಲಿ ನೀವೂ ಹೋಗುತ್ತೀರಿ. ಸಂಕ ಅಂದರೆ ಅಡಿಕೆ ಮರದ ಎರಡು ದಬ್ಬೆಯೂ ಇರಬಹುದು. ಅಂಥ ಕಡೆ ಸೈಕಲ್ ಹೆಗಲಿಗೆ.

ಬೇಲಿಯಲ್ಲಿ ಅಡ್ಡ ಗಳ ಹಾಕಿದ ದಣಪೆ ಸಿಗುತ್ತದೆ. ಸರಿಸಿ ದಾಟಿದರೆ ಮತ್ತೆ ಹಾಗೇ ಹಾಕಿ ಹೋಗಿ. ನೀವು ಮರೆತ ಒಂದು ಗಳದಿಂದ ದನ ನುಗ್ಗಿ ಒಬ್ಬರ ತರಕಾರಿ ಪಟ್ಟೆ ಸಾಫ್ ಆಗುತ್ತದೆ.

ಈಗ ಕಟ್ಟಿನ ವಿಷಯ. ಗಜನಿಯ ದೊಡ್ಡ ಒಡ್ಡುಗಳ ಮೇಲೆ ಕೆಲವು ಕಡೆ ವಾಹನ ಓಡಾಡುವ ದಾರಿಯೇ ಇದೆ, ಅಲ್ಲಿ ತುಳಿಯಬಹುದು. ಎರಡೂ ಕಡೆ ನೀರು, ಬಿಳಿ ಕೊಕ್ಕರೆ, ಉಪ್ಪು ನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡ. ಇಡೀ ದಿನದಲ್ಲಿ ನನಗೆ ಅತಿ ಇಷ್ಟದ ಭಾಗ ಅದೇ. ಆದರೆ ಗದ್ದೆ ಗದ್ದೆಯ ನಡುವಿನ ಸಣ್ಣ ಮಣ್ಣಿನ ಬದು ಬೇಡ. ನಾನು ಒಮ್ಮೆ ಇಳಿದಿದ್ದೆ. ಇನ್ನೂ ನೂರು ಮಾರು ಹೋಗಿರಲಿಲ್ಲ, ದೂರದಿಂದ ಒಬ್ಬ ಅಜ್ಜಿ ಕೂಗಿದರು: "ಏ ತಮಾ, ಅದು ದಾರಿ ಅಲ್ದೋ!" ಹತ್ತಿರ ಹೋದ ಮೇಲೆ ಬೈಯಲಿಲ್ಲ, ತೋರಿಸಿದರು. ಹಸಿ ಬದುವಿನ ಮೇಲೆ ಚಕ್ರ ಒಂದು ಗೆರೆ ಕೊರೆಯುತ್ತದೆ. ಉಬ್ಬರದ ನೀರು ಮೊದಲು ಹುಡುಕುವುದು ಆ ಗೆರೆಯನ್ನೇ. ಅಲ್ಲಿಂದ ಜಿನುಗಿ, ಕೊರೆದು, ಕೊನೆಗೆ ಬದು ಒಡೆಯುತ್ತದೆ. ಉಪ್ಪು ನೀರನ್ನು ಹೊರಗಿಡುವುದು, ಬೇಕಾದಾಗ ಮಾತ್ರ ಒಳಗೆ ಬಿಡುವುದು, ಇಷ್ಟರ ಮೇಲೇ ಗಜನಿಯ ಬೇಸಾಯ ನಿಂತಿದೆ. ನಮ್ಮ ಒಂದು ಸವಾರಿಗೆ ಅವರಿಗೆ ಎರಡು ದಿನದ ಮಣ್ಣು ಹೊರುವ ಕೆಲಸ. ಅಂದಿನಿಂದ ನಾನು ಬದು ಕಂಡರೆ ಇಳಿದು, ಪಕ್ಕದ ಕಾಲುದಾರಿಯಲ್ಲಿ ತಳ್ಳುತ್ತೇನೆ.

ಹಂತ 6: ಹೊಳೆ ದಾಟುವುದು

ಅಘನಾಶಿನಿ ಊರಿನ ದಡದಿಂದ ಆಚೆ ಕಾಣುವುದೇ ತದಡಿ ಬಂದರು. ಬೈಕುಗಳನ್ನೂ ಹತ್ತಿಸಿಕೊಳ್ಳುವ ಯಂತ್ರದ ದೋಣಿ ಇದೆ. ಹಳಬರು ತಾರಿ ಅನ್ನುತ್ತಾರೆ. ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಕಾಗಾಲದಲ್ಲೇ ಕೇಳಿಕೊಳ್ಳಿ. ಅದು ತಪ್ಪಿದರೆ ತಿರುಗಿ ಹೆದ್ದಾರಿ ಹಿಡಿದು ಸುತ್ತಬೇಕು. ಚಿಲ್ಲರೆ ಕೈಯಲ್ಲಿರಲಿ.

ಸೈಕಲ್ಲನ್ನು ಕೊನೆಗೆ ಹತ್ತಿಸಿ, ಚೈನು ಇರುವ ಬಲಮಗ್ಗುಲು ಯಾವ ಬೈಕಿಗೂ ತಾಗದ ಹಾಗೆ ಹಿಡಿದುಕೊಂಡು ನಿಲ್ಲಿ. ಒರಗಿಸಿ ಬಿಡಬೇಡಿ. ದೋಣಿ ಹೊಯ್ದಾಡಿದಾಗ ಪಕ್ಕದ ಮೋಟರ್‌ಸೈಕಲ್ ನನ್ನ ಡಿರೇಲರ್ ಮೇಲೆ ಮಲಗಿತು, ಹ್ಯಾಂಗರ್ ಬಾಗಿತು. ಉಳಿದ ದಾರಿ ಪೂರ್ತಿ ಮೂರೇ ಗೇರಿನಲ್ಲಿ. ತಪ್ಪು ನನ್ನದೇ, ನಾನು ಫೋಟೋ ತೆಗೆಯುತ್ತಿದ್ದೆ.

ನೀರು ಇಳಿದಿದ್ದರೆ ಅಳಿವೆಯ ದಿಣ್ಣೆಗಳಲ್ಲಿ ಬಳಚು (ಚಿಪ್ಪುಮೀನು) ಆರಿಸುವವರು ಕಾಣುತ್ತಾರೆ. ಸೊಂಟಮಟ್ಟದ ನೀರಲ್ಲಿ ಅವರು ಆರಾಮಾಗಿ ನಿಂತಿದ್ದಾರೆ ಎಂದು ನೀವು ಸೈಕಲ್ ಹೊತ್ತು ದಾಟುವ ಸಾಹಸ ಮಾಡಬೇಡಿ. ಇಳಿಯುವ ನೀರಿನ ಸೆಳೆತ ಅಳಿವೆಯ ಬಾಯಲ್ಲಿ ಬಹಳ ಜೋರು. ಎಲ್ಲಿ ನಿಲ್ಲಬೇಕೆಂದು ಅವರಿಗೆ ಗೊತ್ತು, ನಮಗಿಲ್ಲ.

ಹಂತ 7: ತದಡಿ, ಸಾಣಿಕಟ್ಟಾ

ತದಡಿಯಲ್ಲಿ ಬಲೆ, ಒಣಮೀನು ಎರಡರಿಂದಲೂ ದೂರ ಇರಿ. ಬಲೆಯ ಎಳೆ ಡಿರೇಲರ್‌ಗೆ ಸುತ್ತಿದರೆ ಚಾಕುವೇ ಗತಿ. ಅದಕ್ಕಿಂತ ದೊಡ್ಡ ವಿಷಯ, ಅದು ಒಬ್ಬರ ದುಡಿಮೆ.

ಸಾಣಿಕಟ್ಟಾದ ಆಗರದಲ್ಲಿ ಜನವರಿಯಿಂದ ಮಳೆ ಶುರುವಾಗುವವರೆಗೆ ಉಪ್ಪು ತೆಗೆಯುತ್ತಾರೆ. ಉಬ್ಬರದ ನೀರನ್ನು ತೂಬಿನಿಂದ ಒಳಗೆ ತಂದು, ಒಂದು ಪಾತಿಯಿಂದ ಇನ್ನೊಂದಕ್ಕೆ ಹಾಯಿಸುತ್ತಾ ಹೋಗುತ್ತಾರೆ. ಬಿಸಿಲಿಗೆ ನೀರು ದಪ್ಪವಾಗಿ ಕೊನೆಯ ಪಾತಿಯಲ್ಲಿ ಹರಳು ಕಟ್ಟುತ್ತದೆ. ಪಾತಿಯ ಅಂಚು ತುಳಿದು ಗಟ್ಟಿ ಮಾಡಿದ ಜೇಡಿಮಣ್ಣು. ಸೈಕಲ್ ಇರಲಿ, ಚಪ್ಪಲಿ ಕಾಲೂ ಅಲ್ಲಿ ಸಲ್ಲ. ರಸ್ತೆ ಬದಿಯಲ್ಲಿ ನಿಂತು ನೋಡಿ. ಒಳಗೆ ಹೋಗುವ ಆಸೆ ಇದ್ದರೆ ಕೇಳಿ ಹೋಗಿ. ಹತ್ತು ಗಂಟೆ ಮೇಲಾದರೆ ಬಿಳಿ ರಾಶಿಯ ಬೆಳಕು ಕಣ್ಣಿಗೆ ಚುಚ್ಚುತ್ತದೆ, ಕಪ್ಪು ಕನ್ನಡಕ ಬೇಕು.

ಇಲ್ಲಿ ನೆರಳು ಕಡಿಮೆ, ಬೆವರು ಜಾಸ್ತಿ. ಕರಾವಳಿಯ ತೇವದಲ್ಲಿ ಬೆವರು ಆರುವುದಿಲ್ಲ, ಹಾಗಾಗಿ ಮೈ ತಂಪಾಗುವುದೂ ಇಲ್ಲ. ಗಂಟೆಗೆ ಮುಕ್ಕಾಲು ಲೀಟರ್ ನೀರು ಲೆಕ್ಕ ಇಟ್ಟುಕೊಳ್ಳಿ. ಬರೀ ನೀರು ಸಾಲದು, ಉಪ್ಪೂ ಬೇಕು. ನನ್ನ ಮದ್ದು ಉಪ್ಪು ಹಾಕಿದ ಮಜ್ಜಿಗೆ, ಸಿಕ್ಕರೆ ಮುರುಗಲ (ಕೋಕಂ) ಹುಳಿಯ ಪಾನಕ. ಬೆಳಗ್ಗೆ ಕುಮಟಾದಲ್ಲಿ ಬನ್ಸ್ ತಿಂದಿದ್ದರೆ ಗೋಕರ್ಣದವರೆಗೆ ಹೊಟ್ಟೆಯ ಚಿಂತೆ ಇಲ್ಲ. ಎಣ್ಣೆ ಜಾಸ್ತಿ ಅಲ್ವಾ ಅನ್ನುವವರು ಇಡ್ಲಿ ತಿನ್ನಿ.

ಹಂತ 8: ಗೋಕರ್ಣದ ಗುಡ್ಡ ಮತ್ತು ಮರಳು

ಗೋಕರ್ಣದಿಂದ ಓಂ ಬೀಚಿನ ಕಡೆಗೆ ಹೋಗುವ ದಾರಿ ಚಿರೆಕಲ್ಲಿನ ಬೋಳುಗುಡ್ಡದ ಮೇಲೆ ಹಾಯುತ್ತದೆ. ರಸ್ತೆ ಬಿಟ್ಟು ಪಕ್ಕದ ಕಲ್ಲು ಹಾಸಿನ ಜಾಡಿನಲ್ಲಿ ತುಳಿಯುವುದು ಮಜಾ. ಕಲ್ಲು ಒರಟಾಗಿರುವುದರಿಂದ ಒಣಗಿದ್ದಾಗ ಟೈರು ಚೆನ್ನಾಗಿ ಕಚ್ಚುತ್ತದೆ. ಭಯ ಇರುವುದು ಅದರ ಮೇಲಿನ ಬಿಡಿ ಕಲ್ಲುಗಳಿಂದ. ಗೋಲಿಯ ಮೇಲೆ ಸೈಕಲ್ ಬಿಟ್ಟ ಹಾಗೆ. ಇಳಿಯುವಾಗ ಪೃಷ್ಠ ಸೀಟಿಗಿಂತ ಹಿಂದೆ, ಮೊಣಕೈ ಸಡಿಲ, ಬ್ರೇಕು ತಿರುವಿಗಿಂತ ಮೊದಲೇ. ತಿರುವಿನೊಳಗೆ ಮುಂದಿನ ಬ್ರೇಕು ಮುಟ್ಟಿದರೆ ಮೊಣಕಾಲಿಗೆ ಕೆಂಪು ಮಣ್ಣು ಗ್ಯಾರಂಟಿ.

ಓಂ ಬೀಚಿನಿಂದ ಹಾಫ್ ಮೂನ್ ಕಡೆಗಿನ ಕಾಲುದಾರಿಗೆ ಸೈಕಲ್ ಬೇಡ. ಬಂಡೆ, ಪ್ರಪಾತ, ನಡೆಯುವ ಜನ. ಬೀಗ ಹಾಕಿಟ್ಟು ನಡೆದು ಹೋಗಿ.

ಮರಳಿಗೆ ಗೋಕರ್ಣದ ದೊಡ್ಡ ಬೀಚೇ ಸೈ. ದೇವಸ್ಥಾನದ ಎದುರಿನ ಜನಸಂದಣಿ ದಾಟುವವರೆಗೆ ಕೈಯಲ್ಲಿ ತಳ್ಳಿ. ಆಮೇಲೆ ಉತ್ತರಕ್ಕೆ ಗಂಗಾವಳಿ ಅಳಿವೆಯ ಕಡೆಗೆ ಕಿಲೋಮೀಟರ್‌ಗಟ್ಟಲೆ ಖಾಲಿ ಪಟ್ಟಿ. ಅಲೆ ಈಗಷ್ಟೇ ಹಿಂದೆ ಸರಿದ, ಕನ್ನಡಿಯ ಹಾಗೆ ಹೊಳೆಯುವ ಜಾಗ ಇದೆಯಲ್ಲ, ಅದರಿಂದ ಒಂದೆರಡು ಮಾರು ಮೇಲಿನ ಒದ್ದೆ ಮರಳೇ ಗಟ್ಟಿ. ಹಗುರ ಗೇರು, ಒಂದೇ ಹದದ ತುಳಿತ, ಭಾರ ಹಿಂದಕ್ಕೆ. ಹ್ಯಾಂಡಲ್ ತಿರುಗಿಸಿದರೆ ಮುಂದಿನ ಚಕ್ರ ಹೂತುಹೋಗುತ್ತದೆ. ಸೊಂಟದಿಂದ ವಾಲಿ ದಾರಿ ಬದಲಿಸಿ. ಬ್ರೇಕು ಬೇಡ, ತುಳಿಯುವುದು ನಿಲ್ಲಿಸಿದರೆ ತಾನೇ ನಿಲ್ಲುತ್ತದೆ. ಬೀಚಿಗೆ ಅಡ್ಡ ಹರಿಯುವ ಹಳ್ಳ ಬಂದರೆ ಎತ್ತಿಕೊಂಡು ದಾಟಿ. ಚಕ್ರದ ನಡುವಿನ ಹಬ್ಬು ಮುಳುಗುವಷ್ಟು ಉಪ್ಪು ನೀರಲ್ಲಿ ತಳ್ಳಿದರೆ ಬೇರಿಂಗ್ ಹೋಯಿತು ಎಂದೇ ತಿಳಿಯಿರಿ.

ಒಣ ಮರಳಿನ ಮೇಲುಭಾಗಕ್ಕೆ, ಬಳ್ಳಿ ಹಬ್ಬಿದ ಕಡೆಗೆ ಹೋಗಬೇಡಿ. ಚಳಿಗಾಲದಲ್ಲಿ ಈ ಕರಾವಳಿಗೆ ಕಡಲಾಮೆ ಮೊಟ್ಟೆ ಇಡಲು ಬರುತ್ತವೆ. ಗೂಡು ಮೇಲಿನಿಂದ ಕಾಣುವುದೇ ಇಲ್ಲ. ಕತ್ತಲಾದ ಮೇಲೆ ದೀಪ ಹಾಕಿಕೊಂಡು ಬೀಚಿನಲ್ಲಿ ತುಳಿಯುವುದಂತೂ ಬೇಡವೇ ಬೇಡ.

ಹಂತ 9: ವಾಪಸ್

ಸುಸ್ತಾಗಿದ್ದರೆ ಗೋಕರ್ಣ ರೋಡ್ ನಿಲ್ದಾಣ. ಕಾಲಲ್ಲಿ ಇನ್ನೂ ಬಲ ಇದ್ದರೆ ಮಾದನಗೇರಿಗೆ ಬಂದು ದಕ್ಷಿಣಕ್ಕೆ, ಬೆನ್ನಿಗೆ ಗಾಳಿ ಹಾಕಿಕೊಂಡು ಮಿರ್ಜಾನ. ಹೆದ್ದಾರಿಯಿಂದ ಸ್ವಲ್ಪವೇ ಒಳಗೆ ಕೋಟೆ. ಗೇರುಸೊಪ್ಪೆಯ ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದ ಚಿರೆಕಲ್ಲಿನ ಕೋಟೆ ಇದು. ಬೆಳಗ್ಗೆಯಿಂದ ಚಕ್ರದಡಿ ಗಡಗಡಿಸಿದ ಅದೇ ಕಲ್ಲು ಇಲ್ಲಿ ಗೋಡೆಯಾಗಿ ನಿಂತಿದೆ. ಹೆದ್ದಾರಿಯ ಅಂಚಿನಲ್ಲೇ ಇರಿ, ತಪ್ಪು ದಿಕ್ಕಿನಿಂದ ಬರುವ ಬೈಕುಗಳ ಮೇಲೆ ಕಣ್ಣಿಡಿ. ಏಪ್ರಿಲ್ ಆಸುಪಾಸಿನಲ್ಲಿ ಬಂದಿದ್ದರೆ ಕುಮಟಾದ ಹತ್ತಿರ ರಸ್ತೆ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ ಸಿಗುತ್ತದೆ. ಹ್ಯಾಂಡಲ್‌ಗೆ ನೇತುಹಾಕಿದರೆ ಚಕ್ರಕ್ಕೆ ಸಿಕ್ಕುತ್ತದೆ, ಬೆನ್ನಿಗೆ ಕಟ್ಟಿಕೊಳ್ಳಿ. ಸುತ್ತಾಟ ಎಲ್ಲ ಸೇರಿ ಈ ಪೂರ್ತಿ ಸುತ್ತು 60–70 ಕಿಲೋಮೀಟರ್ ಆಗುತ್ತದೆ.

ಹಂತ 10: ತೊಳೆಯುವುದು, ಅದೂ ಅಂದೇ

ಮೊದಲ ಸಲ ನಾನು ನಾಳೆ ತೊಳೆದರಾಯಿತು ಎಂದು ಮಲಗಿದೆ. ಆ ನಾಳೆ ಬಂದದ್ದು ಮೂರು ದಿನದ ಮೇಲೆ. ಚೈನು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು, ಕೊಂಡಿಗಳು ಮಡಚಿದಲ್ಲೇ ಸೆಟೆದು ನಿಂತಿದ್ದವು. ಹೊಸ ಚೈನೇ ಹಾಕಬೇಕಾಯಿತು.

ಉಳಿದುಕೊಂಡ ಮನೆಯ ಬಾವಿಕಟ್ಟೆಯಲ್ಲಿ ನಾಲ್ಕು ಕೊಡ ಸಿಹಿ ನೀರು ಕೇಳಿ. ಮೇಲಿನಿಂದ ನಿಧಾನವಾಗಿ ಸುರಿಯಿರಿ. ಸರ್ವಿಸ್ ಸ್ಟೇಷನ್ನಿನ ಜೋರು ಪೈಪು ಹಿಡಿದರೆ ಉಪ್ಪನ್ನು ಬೇರಿಂಗಿನ ಒಳಗೇ ನೂಕಿದ ಹಾಗೆ. ಚೈನು, ಹಿಂದಿನ ಹಲ್ಲುಚಕ್ರಗಳ ಕ್ಯಾಸೆಟ್ಟು, ಡಿಸ್ಕು, ಬಾಟಲಿ ಹಿಡಿಯ ಬೋಲ್ಟು, ಪೆಡಲ್ಲಿಗೆ ಸಿಕ್ಕಿಸುವ ಶೂವಿನ ಕ್ಲೀಟು ಒಂದನ್ನೂ ಬಿಡಬೇಡಿ. ಹಳೆ ಪಂಚೆಯಲ್ಲಿ ಒರೆಸಿ, ಅರ್ಧ ಗಂಟೆ ಗಾಳಿಗೆ ಇಟ್ಟು, ಚೈನಿಗೆ ಕೊಂಡಿಗೊಂದು ಹನಿ ಎಣ್ಣೆ. ಡಿಸ್ಕಿಗೆ ಎಣ್ಣೆ ಸಿಡಿಯದಂತೆ ಬಟ್ಟೆ ಅಡ್ಡ ಹಿಡಿಯಿರಿ. ಸೀಟಿನ ಕಂಬ ಹೊರಗೆಳೆದು ಸೈಕಲ್ ತಲೆಕೆಳಗಾಗಿ ಹಿಡಿದರೆ ಫ್ರೇಮಿನೊಳಗೆ ನಿಂತ ನೀರು ಇಳಿಯುತ್ತದೆ. ಎಷ್ಟು ನೀರು ಅಂತ ನೋಡಿದರೆ ಆಶ್ಚರ್ಯ ಆಗುತ್ತದೆ. ಮಾರನೇ ಬೆಳಗ್ಗೆ ಪೆಡಲ್ಲನ್ನು ಹಿಮ್ಮುಖವಾಗಿ ತಿರುಗಿಸಿ, ಕಿವಿ ಹತ್ತಿರ ಇಟ್ಟು ಕೇಳಿ. ಮರಳು ಅರೆದ ಕರಕರ ಸದ್ದು ಬಂದರೆ ಪೆಡಲ್ ತೋಳುಗಳ ಅಚ್ಚು ತಿರುಗುವ ಬಾಟಮ್ ಬ್ರಾಕೆಟ್ ಬಿಚ್ಚಿ ಗ್ರೀಸ್ ಬದಲಿಸಲು ಸೈಕಲ್ ಅಂಗಡಿಗೆ ಕೊಡಿ. ಸದ್ದಿಲ್ಲದೆ ತಿರುಗಿದರೆ ಗೋಡೆಗೆ ತೂಗುಹಾಕಿ.